ಡಿನೋಟಿಫಿಕೇಶನ್ ಕಡತ ಓದೋದು ಹೇಗೆ? ಅಧಿಕಾರ ಸ್ವಂತಕ್ಕೆ ಬಳಕೆಯಾಗಿದ್ದು ಎಲ್ಲಿ ಕಾಣುತ್ತೆ?

ಪಹಣಿ ಓದುಗ

ಬೆಂಗಳೂರು, ಮೈಸೂರು ಕಡೆ ಡಿನೋಟಿಫಿಕೇಶನ್, ಅಂದರೆ ಭೂಸ್ವಾಧೀನಕ್ಕೆ ಸೇರಿಸಿದ್ದ ಜಮೀನನ್ನ ಸರ್ಕಾರ ಕೈಬಿಡೋದು, ಅನ್ನೋ ಪದ ಗೊತ್ತಿಲ್ಲದವರಿಲ್ಲ. ಚುನಾವಣೆ ಬಂದಾಗಲೆಲ್ಲ ಒಬ್ಬರ ಮೇಲೊಬ್ಬರು ಎಸೆಯೋ ಪದ ಅದು. ಆದರೆ ಕಡತ ತೆಗೆದು ಓದೋರು ಕಡಿಮೆ. ಓದೋಕೆ ಕಲಿಯೋಣ ಅಂತ ಈ ಚರ್ಚೆ ಶುರು ಮಾಡ್ತಿದ್ದೀನಿ. ಪಕ್ಷದ ಜಗಳ ದಯವಿಟ್ಟು ಇಲ್ಲಿ ಬೇಡ.

ಮೊದಲು ಕಾನೂನಿನ ದಾರಿ. ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಬಡಾವಣೆ ಮಾಡಬೇಕಾದರೆ 1976ರ ಬಿಡಿಎ ಕಾಯ್ದೆಯ 17(1)ರಲ್ಲಿ ಪ್ರಾಥಮಿಕ ಅಧಿಸೂಚನೆ ಹೊರಡಿಸುತ್ತೆ. ಆಕ್ಷೇಪಣೆ ಕೇಳಿ, ಸರ್ಕಾರದ ಮಂಜೂರಾತಿ ಪಡೆದ ಮೇಲೆ 19(1)ರ ಅಂತಿಮ ಅಧಿಸೂಚನೆ. ಅಲ್ಲಿಂದ ಮುಂದೆ 1894ರ ಭೂಸ್ವಾಧೀನ ಕಾಯ್ದೆಯ ಹಳೇ ದಾರಿ: ಸೆಕ್ಷನ್ 11ರ ಐತೀರ್ಪು (ಪರಿಹಾರ ನಿಗದಿ ಮಾಡೋ ತೀರ್ಪು), 12(2)ರ ನೋಟಿಸು, 16(1)ರಲ್ಲಿ ಸ್ವಾಧೀನ, ಅಂದರೆ ಜಮೀನನ್ನ ನಿಜವಾಗಿ ವಶಕ್ಕೆ ತಗೊಳ್ಳೋದು. ಸ್ವಾಧೀನ ತಗೊಂಡದ್ದನ್ನ 16(2)ರಲ್ಲಿ ರಾಜ್ಯಪತ್ರದಲ್ಲಿ ಪ್ರಕಟಿಸೋದು ಕರ್ನಾಟಕದ ತಿದ್ದುಪಡಿ. ಆ ಪ್ರಕಟಣೆಯೇ ಸ್ವಾಧೀನಕ್ಕೆ ಸಾಕ್ಷ್ಯ.

ಇದೇ 1894ರ ಕಾಯ್ದೆಯ 48(1) ಸರ್ಕಾರಕ್ಕೆ ಒಂದು ಅಧಿಕಾರ ಕೊಡುತ್ತೆ. ಸ್ವಾಧೀನ ಆಗದ ಜಮೀನನ್ನ ಭೂಸ್ವಾಧೀನದಿಂದ ಕೈಬಿಡಬಹುದು. ಡಿನೋಟಿಫಿಕೇಶನ್ ಅಂದರೆ ಇಷ್ಟೇ. ಅಧಿಕಾರ ಕಾನೂನುಬದ್ಧ, ಅದರಲ್ಲಿ ಸಂಶಯ ಬೇಡ. ಅದನ್ನ ಯಾರಿಗಾಗಿ ಬಳಸಿದರು ಅನ್ನೋದು ನಾಲ್ಕು ದಿನಾಂಕ ಪಕ್ಕಪಕ್ಕ ಬರೆದಿಟ್ಟರೆ ಬಹುಪಾಲು ಹೊರಬೀಳುತ್ತೆ:

ಸ್ವಾಧೀನದ ಮಹಜರಿನ ದಿನ. ಕೈಬಿಡಿ ಅಂತ ಅರ್ಜಿ ಬಂದ ದಿನ. 48(1)ರ ಅಧಿಸೂಚನೆಯ ದಿನ. ಜಮೀನಿನ ಜಿಪಿಎ (ಮಾಲೀಕರ ಪರವಾಗಿ ವ್ಯವಹರಿಸೋಕೆ ಕೊಡೋ ಅಧಿಕಾರಪತ್ರ) ಅಥವಾ ಕ್ರಯಪತ್ರದ ದಿನ.

ಮಹಜರು ಮೊದಲು, 48 ಆಮೇಲೆ ಅಂತಿದ್ದರೆ ಆ ಆದೇಶಕ್ಕೆ ಕಾನೂನಿನ ಬುಡವೇ ಇಲ್ಲ. ಅರ್ಜಿಗೆ ಸ್ವಲ್ಪ ಮೊದಲು ಜಿಪಿಎ ಆಗಿ, ಅಧಿಸೂಚನೆ ಆದ ಕೆಲವೇ ವಾರದಲ್ಲಿ ಕ್ರಯ ಆಗಿದ್ದರೆ, ಕೊಂಡವರು ಯಾರು ಅಂತ ಹುಡುಕಲೇಬೇಕು.

ಯಲಹಂಕದ ಕಡೆಯವಳು

ಸರ್, ಐತೀರ್ಪು ಆಗಿ, ಪರಿಹಾರದ ದುಡ್ಡನ್ನ ಸಿವಿಲ್ ಕೋರ್ಟಿಗೆ ಕಟ್ಟಿದ ಮೇಲೂ ಕೈಬಿಡಬಹುದಾ? "ದುಡ್ಡು ಕಟ್ಟಾಯ್ತು, ಜಮೀನು ಸರ್ಕಾರದ್ದಾಯ್ತು" ಅಂತಾರಲ್ಲ ಎಲ್ಲರೂ.

ವಕೀಲ ಮಿತ್ರ

ದುಡ್ಡು ಕಟ್ಟೋದೇ ಬೇರೆ, ಸ್ವಾಧೀನವೇ ಬೇರೆ ಮೇಡಂ. ಮಾಲೀಕರು ಪರಿಹಾರ ತಗೊಳ್ಳದಿದ್ದರೆ, ಅಥವಾ ಹಕ್ಕಿನ ಬಗ್ಗೆ ತಕರಾರಿದ್ದರೆ, 30 ಮತ್ತು 31(2)ನೇ ಸೆಕ್ಷನ್ ಪ್ರಕಾರ ಕೋರ್ಟಿನಲ್ಲಿ ಠೇವಣಿ ಇಡುತ್ತಾರೆ. ಅದರಿಂದ ಜಮೀನು ಸರ್ಕಾರಕ್ಕೆ ಬರಲ್ಲ. ಸೆಕ್ಷನ್ 16ರ ಸ್ವಾಧೀನ ಆದಾಗಲೇ ಎಲ್ಲಾ ಋಣಭಾರ ಕಳಚಿ ಸರ್ಕಾರದಲ್ಲಿ ನಿಹಿತವಾಗುತ್ತೆ, ಅಂದರೆ ಸರ್ಕಾರದ್ದಾಗುತ್ತೆ. ಹಾಗಾಗಿ ಐತೀರ್ಪು ಆದ ಮೇಲೂ, ಸ್ವಾಧೀನ ಆಗಿಲ್ಲದಿದ್ದರೆ, 48ರ ಬಾಗಿಲು ತೆರೆದೇ ಇರುತ್ತೆ.

ಸ್ವಾಧೀನ ಆಗಿಬಿಟ್ಟರೆ ಬಾಗಿಲು ಮುಚ್ಚಿತು. 1970ರಲ್ಲೇ ಸುಪ್ರೀಂ ಕೋರ್ಟ್ ಹಿಮಾಚಲದ ಅವಿನಾಶ್ ಶರ್ಮಾ ಪ್ರಕರಣದಲ್ಲಿ ಇದನ್ನ ಖಚಿತವಾಗಿ ಹೇಳಿದೆ. 48 ನಡೆಯಲ್ಲ. "ಹೊರಡಿಸಿದ ಆದೇಶ ಹಿಂಪಡೆಯೋ ಅಧಿಕಾರ ಇದ್ದೇ ಇದೆ" ಅಂತ ಸಾಮಾನ್ಯ ಖಂಡಗಳ ಕಾಯ್ದೆಯ 21ನೇ ಸೆಕ್ಷನ್ ತೋರಿಸಿದರೂ ನಡೆಯಲ್ಲ.

ಇನ್ನೊಂದು ತೀರ್ಪು ನೆನಪಿಡಿ: 1998ರ ಲಾರ್ಸನ್ ಅಂಡ್ ಟುಬ್ರೊ ವಿರುದ್ಧ ಗುಜರಾತ್ ಸರ್ಕಾರ. ಕೈಬಿಡೋ ಆದೇಶ ರಾಜ್ಯಪತ್ರದಲ್ಲಿ ಪ್ರಕಟವಾಗಬೇಕು, ಜಮೀನು ಯಾರಿಗಾಗಿ ಭೂಸ್ವಾಧೀನ ಆಗುತ್ತಿತ್ತೋ ಅವರ ಮಾತನ್ನೂ ಕೇಳಬೇಕು. ಬರೀ ಒಂದು ಪತ್ರದಲ್ಲೋ, ಕಡತದ ಟಿಪ್ಪಣಿಯಲ್ಲೋ "ಕೈಬಿಡಲಾಗಿದೆ" ಅಂತ ಬರೆದರೆ ಅದು ಡಿನೋಟಿಫಿಕೇಶನ್ ಆಗಲ್ಲ. ಅಂಥ ಪತ್ರ ಹಿಡ್ಕೊಂಡು ಖಾತೆ ಮಾಡಿಸಿಕೊಂಡವರು ಎಷ್ಟೋ ಮಂದಿ.

ಚಕ್ಕುಬಂದಿ

ಇಡೀ ಆಟ ಮಹಜರಿನಲ್ಲೇ ಇರೋದು. ಸ್ವಲ್ಪ ಬಿಡಿಸಿ ಹೇಳ್ತೀನಿ.

ಖಾಲಿ ಜಮೀನಿಗೆ ಬೇಲಿ ಹಾಕಿ ಕಾವಲು ಕೂರಿಸಬೇಕಿಲ್ಲ. ಸ್ಥಳಕ್ಕೆ ಹೋಗಿ, ಪಂಚರ ಎದುರು ಮಹಜರು ಬರೆದು ಸಹಿ ಮಾಡಿಸಿದರೆ ಸಾಕು. 2011ರ ಬಾಂದಾ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಹೇಳಿದೆ. ಕಂದಾಯ ನಿರೀಕ್ಷಕರು, ಸರ್ವೇಯರ್ ಹೋಗಬೇಕು, ಸರ್ವೆ ನಂಬರು, ವಿಸ್ತೀರ್ಣ, ನಾಲ್ಕು ದಿಕ್ಕಿನ ಚಕ್ಕುಬಂದಿ, ಮೇಲಿರೋ ಮರ, ಬಾವಿ, ಶೆಡ್ಡು ಎಲ್ಲಾ ಬರೀಬೇಕು. ಆಮೇಲೆ ಪ್ರಾಧಿಕಾರದ ಎಂಜಿನಿಯರಿಂಗ್ ವಿಭಾಗಕ್ಕೆ ಹಸ್ತಾಂತರ.

ತಪ್ಪೋದು ಎಲ್ಲಿ ಅಂದ್ರೆ, ಅಚ್ಚು ಹಾಕಿದ ನಮೂನೆ ಇರುತ್ತೆ, ಖಾಲಿ ಜಾಗದಲ್ಲಿ ಸರ್ವೆ ನಂಬರು, ಎಕರೆ, ಗುಂಟೆ ಮಾತ್ರ ತುಂಬಿರ್ತಾರೆ. ಚಕ್ಕುಬಂದಿ ಇಲ್ಲ. ಪಂಚರ ಸಹಿ ಇರುತ್ತೆ, ಹೆಸರು, ತಂದೆ ಹೆಸರು, ಊರು ಇರಲ್ಲ. ಒಂದೇ ದಿನ ನಲವತ್ತು ಐವತ್ತು ಸರ್ವೆ ನಂಬರಿಗೆ ಅದೇ ಇಬ್ಬರು ಪಂಚರು. ಹೀಗೆ ಬರೆದ ಮಹಜರು ಕೋರ್ಟಿನಲ್ಲಿ ನಿಲ್ಲೋದು ಕಷ್ಟ. ಹತ್ತು ವರ್ಷ ಆದ ಮೇಲೆ "ಸ್ವಾಧೀನವೇ ಆಗಿಲ್ಲ, ಕಾಗದದ ಮೇಲಷ್ಟೇ ಆಗಿದೆ" ಅಂತ ಅರ್ಜಿ ಬರುತ್ತೆ, 48ಕ್ಕೆ ದಾರಿ ಸುಗಮ.

ಕಡತದಲ್ಲಿ ಇದನ್ನ ಹಿಡಿಯೋದು ಹೀಗೆ. ಮಹಜರಿನ ದಿನಾಂಕ ನೋಡಿ. ಹಸ್ತಾಂತರದ ದಿನಾಂಕ ನೋಡಿ. 16(2)ರ ಪ್ರಕಟಣೆ ಯಾವ ದಿನದ ರಾಜ್ಯಪತ್ರದಲ್ಲಿದೆ ನೋಡಿ. ಮೂರೂ ಇದ್ದೂ ಭೂಸ್ವಾಧೀನಾಧಿಕಾರಿಯ ವರದಿಯಲ್ಲಿ "ಸ್ವಾಧೀನ ಪಡೆದಿರುವುದಿಲ್ಲ" ಅಂತ ಬರೆದಿದ್ದರೆ, ಆ ಒಂದು ಸಾಲು ಬರೆಸಿದವರು ಯಾರು ಅನ್ನೋದೇ ನಿಜವಾದ ಪ್ರಶ್ನೆ.

ಪಹಣಿ ನೋಡಿ ಮೋಸ ಹೋಗಬೇಡಿ. ಸ್ವಾಧೀನ ಆಗಿ ಹದಿನೈದು ವರ್ಷ ಆದರೂ ಮ್ಯುಟೇಶನ್ (ಹಕ್ಕು ಬದಲಾವಣೆ) ಮಾಡಿಸದೆ 9ನೇ ಕಲಂನಲ್ಲಿ ಹಳೇ ಮಾಲೀಕರ ಹೆಸರೇ ಓಡ್ತಿರುತ್ತೆ. 11ನೇ ಕಲಂನಲ್ಲಿ ಅಧಿಸೂಚನೆಯ ನಂಬರು ಇದೆಯಾ ಅಂತಲೂ ನೋಡ್ಬೇಕು. ಅದನ್ನೂ ಹತ್ತಿಸದೇ ಬಿಟ್ಟಿರೋ ಊರುಗಳಿವೆ.

ಗುಂಟೆ ಲೆಕ್ಕ

ಒಂದು ಎಕರೆ ಬಿಟ್ಟರೆ ಸಾರ್ವಜನಿಕರಿಗೆ ಎಷ್ಟು ನಷ್ಟ ಅಂತ ಯಾರೂ ಲೆಕ್ಕ ಹಾಕಲ್ಲ. ಹಾಕೋಣ.

ಒಂದು ಎಕರೆ ಅಂದರೆ 40 ಗುಂಟೆ, 43,560 ಚದರಡಿ. ರಸ್ತೆ, ಪಾರ್ಕು, ನಾಗರಿಕ ಸೌಲಭ್ಯಕ್ಕೆ ಬಿಟ್ಟು ನಿವೇಶನಕ್ಕೆ ಉಳಿಯೋದು ಸುಮಾರು ಶೇ 55. ಅಂದರೆ 23,958 ಚದರಡಿ. 30×40ರ ಸೈಟು 1,200 ಚದರಡಿ, ಹತ್ತಿರ ಹತ್ತಿರ 20 ಸೈಟು.

60:40 ಯೋಜನೆಯಲ್ಲಿ ಆ ಶೇ 55ರಲ್ಲಿ ಶೇ 40 ರೈತರಿಗೆ ವಾಪಸ್: ಎಕರೆಗೆ 9,583 ಚದರಡಿ. ಉಳಿದ 14,375 ಚದರಡಿಯಲ್ಲಿ 12 ಸೈಟು ಸಾರ್ವಜನಿಕ ಹಂಚಿಕೆಗೆ.

ಈಗ ಕೈಬಿಡಿಸಿಕೊಂಡವರ ಕಡೆಯಿಂದ ನೋಡಿ. ಯೋಜನೆಯೊಳಗೆ ಇದ್ದರೆ ಎಕರೆಗೆ 9,583 ಚದರಡಿ. ಕೈಬಿಟ್ಟರೆ ಪೂರಾ 43,560, ನಾಲ್ಕೂವರೆ ಪಟ್ಟು. ಸುತ್ತಲೂ ಬಿಡಿಎ ರಸ್ತೆ, ಚರಂಡಿ, ಕಾವೇರಿ ನೀರಿನ ಪೈಪು ಸಾರ್ವಜನಿಕರ ದುಡ್ಡಿನಲ್ಲಿ ಬಂದಿರುತ್ತೆ, ಮಧ್ಯದಲ್ಲಿ ಈ ಜಮೀನು ಖಾಸಗಿಯಾಗಿ ಉಳಿದಿರುತ್ತೆ. ಅದಕ್ಕೇ ಎರಡು ಎಕರೆ 24 ಗುಂಟೆ ಕೈಬಿಟ್ಟರು ಅಂತ ಪತ್ರಿಕೆಯಲ್ಲಿ ಓದಿದಾಗ ಸಣ್ಣದು ಅನ್ನಿಸಬಾರದು. ಅದು 51 ಸೈಟು. ವರ್ಷಗಟ್ಟಲೆ ಅರ್ಜಿ ಹಾಕಿ ಕಾಯ್ತಿರೋ 51 ಮನೆಯವರು.

ಟಿಪ್ಪಣಿ ಹಾಳೆ

ಸಚಿವಾಲಯದ ಕಡತ ಹೇಗೆ ಓಡುತ್ತೆ ಅಂತ ಬರೀತೀನಿ. ಇದು ಗೊತ್ತಿಲ್ಲದಿದ್ದರೆ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿಯಲ್ಲಿ ಏನು ಕೇಳಬೇಕು ಅನ್ನೋದೇ ಹೊಳೆಯಲ್ಲ.

ಕಡತಕ್ಕೆ ಎರಡು ಭಾಗ. ಒಂದು ಪತ್ರವ್ಯವಹಾರ, ಇನ್ನೊಂದು ಟಿಪ್ಪಣಿ. ಬೆಲೆ ಇರೋದು ಟಿಪ್ಪಣಿಗೆ. ಸರಿಯಾದ ದಾರಿ ಅಂದರೆ ಅರ್ಜಿ ಬಂದು, ಪ್ರಾಧಿಕಾರದಿಂದ ವರದಿ ತರಿಸಿ, ವಿಷಯ ನಿರ್ವಾಹಕರು ಟಿಪ್ಪಣಿ ಎಬ್ಬಿಸಿ, ಶಾಖಾಧಿಕಾರಿ, ಅಧೀನ ಕಾರ್ಯದರ್ಶಿ, ಉಪ ಕಾರ್ಯದರ್ಶಿ, ಪ್ರಧಾನ ಕಾರ್ಯದರ್ಶಿ ಮೂಲಕ ಸಚಿವರಿಗೆ ಹೋಗುತ್ತೆ. ಪ್ರತಿ ಮೆಟ್ಟಿಲಿನಲ್ಲೂ ಪ್ಯಾರಾ ನಂಬರು, ಸಹಿ, ದಿನಾಂಕ.

ಅಧಿಕಾರ ದುರ್ಬಳಕೆ ಆದ ಕಡತ ತಲೆಕೆಳಗಾಗಿ ಓಡಿರುತ್ತೆ. ಅರ್ಜಿಯ ಮೇಲೇ, ಎಡಗಡೆ ಅಂಚಿನಲ್ಲಿ, "ಪರಿಶೀಲಿಸಿ ಕಡತ ಮಂಡಿಸಿ" ಅಂತ ಮೇಲಿನವರ ಕೈಬರಹ. ಅಷ್ಟಿದ್ದರೆ ಅದರಲ್ಲಿ ತಪ್ಪೇನಿಲ್ಲ, ಎಲ್ಲಾ ಅರ್ಜಿಗೂ ಹಾಗೇ ಬರೀತಾರೆ. "ಕೈಬಿಡಲು ಆದೇಶಿಸಿದೆ" ಅಂತ ಅರ್ಜಿ ಮೇಲೇ ಬರೆದು, ವರದಿ ಆಮೇಲೆ ತರಿಸಿದ್ದರೆ ಅಲ್ಲಿಗೆ ಬೆರಳಿಡಿ.

ಇನ್ನೂ ಕೆಲವು ಗುರುತು. ಕೆಳಗಿನ ಅಧಿಕಾರಿ "ಸ್ವಾಧೀನ ಆಗಿರುವುದರಿಂದ ಕೈಬಿಡಲು ಅವಕಾಶವಿಲ್ಲ" ಅಂತ ಸ್ಪಷ್ಟವಾಗಿ ಬರೆದಿರ್ತಾರೆ. ಮೇಲಿನವರು ಆ ಪ್ಯಾರಾಕ್ಕೆ ಉತ್ತರ ಕೊಡದೆ, ಕಾರಣ ಬರೆಯದೆ, ಹೊಸ ಪ್ಯಾರಾದಲ್ಲಿ ಆದೇಶ ಮಾಡಿರ್ತಾರೆ. ಆ ಅಧಿಕಾರಿ ಬರೆದ ಎರಡು ಸಾಲೇ ಮುಂದೆ ಕೋರ್ಟಿನಲ್ಲಿ ಅವರನ್ನ ಕಾಪಾಡೋದು, ಆದೇಶ ಮಾಡಿದವರನ್ನ ಕಟ್ಟಿಹಾಕೋದು. ಕಡತ ನಾಲ್ಕು ಮೇಜು ದಾಟಿ ಒಂದೇ ದಿನದಲ್ಲಿ ಸಹಿಯಾಗಿದ್ದರೆ ಗುರುತು ಹಾಕ್ಕೊಳ್ಳಿ. ಕಾನೂನು ಇಲಾಖೆಯ ಅಭಿಪ್ರಾಯ ಕೇಳಿ, ಅದು ಬರೋ ಮುಂಚೆ ಆದೇಶ ಆಗಿದ್ದರೂ ಅಷ್ಟೆ.

ಅದೇ ತಿಂಗಳಲ್ಲಿ ಅಕ್ಕಪಕ್ಕದ ರೈತರ ಅರ್ಜಿ ಏನಾಯ್ತು ಅಂತ ತಪ್ಪದೆ ನೋಡಿ. ಒಂದೇ ಬಗೆಯ ಹತ್ತು ಅರ್ಜಿಯಲ್ಲಿ ಒಂಬತ್ತು "ಮುಕ್ತಾಯಗೊಳಿಸಿದೆ" ಆಗಿ ಒಂದು ಮಾತ್ರ ಮಂಜೂರಾಗಿದ್ದರೆ, ಬೇರೆ ಸಾಕ್ಷಿಗಿಂತ ಅದು ಬಲ.

ಕೆರೆ ಅಂಗಳ

ನನ್ನ ಪ್ರಕಾರ ಈ 48ರ ಅಧಿಕಾರವನ್ನೇ ತೆಗೆದುಹಾಕಬೇಕು. ಅಂತಿಮ ಅಧಿಸೂಚನೆ ಆದ ಮೇಲೆ ಯಾರೂ ಒಂದು ಗುಂಟೆ ಮುಟ್ಟಬಾರದು. ಅಧಿಕಾರ ಇದ್ದಷ್ಟು ದಿನ ಇದು ನಿಲ್ಲಲ್ಲ.

ಪಹಣಿ ಓದುಗ

ನಿಮ್ಮ ಸಿಟ್ಟು ಅರ್ಥ ಆಗುತ್ತೆ, ಆದರೆ ಒಪ್ಪಲಾರೆ. ಅಧಿಸೂಚನೆ ಹೊರಡಿಸೋರು ಸರ್ವೆ ನಂಬರು ನೋಡಿ ಹೊರಡಿಸ್ತಾರೆ. ಅದರೊಳಗೆ ಊರಿನ ಶಾಲೆ, ಗುಡಿ, ತೋಟದ ಮನೆ, ಒಂದೂವರೆ ಎಕರೆಯಲ್ಲೇ ಬದುಕೋ ಕುಟುಂಬ ಎಲ್ಲಾ ಸಿಕ್ಕಿಕೊಳ್ಳುತ್ತೆ. ಅವರನ್ನ ಬಿಡಿಸೋಕೆ ಒಂದು ದಾರಿ ಬೇಕೇ ಬೇಕು.

ಅರ್ಕಾವತಿ ಬಡಾವಣೆಯನ್ನೇ ತಗೊಳ್ಳಿ. 2003ರ ಫೆಬ್ರವರಿ 3ರ ಪ್ರಾಥಮಿಕ ಅಧಿಸೂಚನೆಯಲ್ಲಿ 16 ಹಳ್ಳಿಗಳ 3,339 ಎಕರೆ 12 ಗುಂಟೆ. 2004ರ ಫೆಬ್ರವರಿ 23ರ ಅಂತಿಮ ಅಧಿಸೂಚನೆಯಲ್ಲಿ 2,750 ಎಕರೆ. ನಡುವೆ 589 ಎಕರೆ 12 ಗುಂಟೆ ಹೊರಬಿತ್ತು. ಯಾರದ್ದು ಬಿಟ್ಟರು, ಯಾರದ್ದು ಇಟ್ಟುಕೊಂಡರು ಅನ್ನೋ ತಕರಾರು ಸುಪ್ರೀಂ ಕೋರ್ಟಿನವರೆಗೆ ಹೋಗಿ 2010ರ ಮೇ 5ರಂದು ಬೋಂದು ರಾಮಸ್ವಾಮಿ ಪ್ರಕರಣದ ತೀರ್ಪು ಬಂತು. ಕೈಬಿಡಿ ಅಂತ ಕೇಳಬಹುದಾದ ಬಗೆಗಳು ಅದರಲ್ಲಿ ದಾಖಲಾಗಿವೆ: ಹಸಿರು ಪಟ್ಟಿ, ಪೂರ್ತಿ ಕಟ್ಟಡ ತುಂಬಿದ ಜಾಗ, ಧರ್ಮಾರ್ಥ, ಶೈಕ್ಷಣಿಕ ಅಥವಾ ಧಾರ್ಮಿಕ ಸಂಸ್ಥೆಯ ಕಟ್ಟಡ, ನರ್ಸರಿ, ಕಾರ್ಖಾನೆ, ಮತ್ತು ಅಕ್ಕಪಕ್ಕ ಕೈಬಿಟ್ಟ ಜಮೀನಿನಂಥದ್ದೇ ಜಮೀನು.

ಇದರಲ್ಲಿ ಕೊನೇದು ಅಪಾಯಕಾರಿ. ಮೊದಲು ಒಬ್ಬ ಬಲಾಢ್ಯರ ತುಂಡು ಬಿಡ್ತಾರೆ. ಆಮೇಲೆ ಪಕ್ಕದವರು "ನಮ್ಮದೂ ಅಂಥದ್ದೇ" ಅಂತಾರೆ. ನ್ಯಾಯವಾಗಿ ಕೇಳೋರ ಜೊತೆಗೆ, ಅಷ್ಟರಲ್ಲಿ ಪಕ್ಕದ ಜಮೀನು ಕೊಂಡಿಟ್ಟುಕೊಂಡ ಏಜೆಂಟರೂ ಸೇರಿಕೊಳ್ತಾರೆ. ಒಬ್ಬರಿಗೆ ತಪ್ಪಾಗಿ ಕೊಟ್ಟ ಲಾಭವನ್ನ ಸಮಾನತೆ ಹೆಸರಲ್ಲಿ ಇನ್ನೊಬ್ಬರು ಕೇಳೋ ಹಾಗಿಲ್ಲ ಅಂತ ಕಾನೂನು ಇದೆ. ಆದರೆ ಮೊದಲನೇದು ತಪ್ಪು ಅಂತ ಯಾರಾದರೂ ಸಾಬೀತು ಮಾಡಿದ್ದರೆ ತಾನೆ!

ಇನ್ನೊಂದು ಗಮನಿಸಿ. 17ಕ್ಕೂ 19ಕ್ಕೂ ನಡುವೆ ಬಿಡೋದಕ್ಕೆ 48 ಬೇಕಿಲ್ಲ, ಪ್ರತ್ಯೇಕ ರಾಜ್ಯಪತ್ರವೂ ಇಲ್ಲ. ಅಂತಿಮ ಪಟ್ಟಿಯಲ್ಲಿ ಆ ಸರ್ವೆ ನಂಬರು ಇರಲ್ಲ, ಅಷ್ಟೆ. ಎರಡೂ ಅಧಿಸೂಚನೆ ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸಿದರೆ ಮಾತ್ರ ಸಿಗುತ್ತೆ.

ವಕೀಲ ಮಿತ್ರ

ಮೇಲಿನ ಮಾತಿಗೆ ಶಿವರಾಮ ಕಾರಂತ ಬಡಾವಣೆ ಒಳ್ಳೇ ಉದಾಹರಣೆ. 2008ರ ಡಿಸೆಂಬರ್ 30ರ ಪ್ರಾಥಮಿಕ ಅಧಿಸೂಚನೆ, 17 ಹಳ್ಳಿ, 3,546 ಎಕರೆ 12 ಗುಂಟೆ. ಅಂತಿಮ ಅಧಿಸೂಚನೆ ಹೊರಡಿಸದೆ ವರ್ಷಗಟ್ಟಲೆ ಎಳೆದರು. ವಿಳಂಬದ ಕಾರಣಕ್ಕೆ ಹೈಕೋರ್ಟಿನಲ್ಲಿ ಅಧಿಸೂಚನೆ ರದ್ದಾಯ್ತು. 2018ರ ಆಗಸ್ಟ್ 3ರಂದು ಸುಪ್ರೀಂ ಕೋರ್ಟ್ ಅದನ್ನ ತಿರುಗಿಸಿ, ಜಮೀನು ಕೈಬಿಡಲು ನಡೆದಿದ್ದ ಪ್ರಯತ್ನವನ್ನ ಕಟುವಾಗಿ ಟೀಕಿಸಿ, ಅಂತಿಮ ಅಧಿಸೂಚನೆ ಹೊರಡಿಸಲು ಹೇಳಿತು. ಅಷ್ಟರಲ್ಲಿ ಹತ್ತು ವರ್ಷ ಕಳೆದಿತ್ತು, ಸಾಲ ಮಾಡಿ ರೆವಿನ್ಯೂ ಸೈಟು (ಕೃಷಿ ಜಮೀನಿನಲ್ಲಿ ಅನುಮೋದನೆ ಇಲ್ಲದೆ ಮಾಡಿದ ನಿವೇಶನ) ಕೊಂಡು ಮನೆ ಕಟ್ಟಿದವರು ಮಧ್ಯದಲ್ಲಿ ಸಿಕ್ಕಿಕೊಂಡರು. ಆ ಮನೆಗಳ ಸಕ್ರಮಕ್ಕೆ ನಿವೃತ್ತ ನ್ಯಾಯಮೂರ್ತಿ ಎ.ವಿ. ಚಂದ್ರಶೇಖರ್ ಸಮಿತಿಯನ್ನೇ ನೇಮಿಸಬೇಕಾಯ್ತು.

ಸುಮ್ಮನೆ ಎಳೆಯೋದೂ ಒಂದು ಅಧಿಕಾರವೇ. ಅದರ ಲಾಭ ಯಾರಿಗೆ ಹೋಯ್ತು ಅಂತ ಕಡತದಲ್ಲಿ ಹುಡುಕೋದು ಡಿನೋಟಿಫಿಕೇಶನ್‌ಗಿಂತ ಕಷ್ಟ.

ಚಕ್ಕುಬಂದಿ

ಎಳೆಯೋ ಕಾಲದಲ್ಲಿ ಹಳ್ಳಿಯಲ್ಲಿ ಏನಾಗುತ್ತೆ ಅಂತ ಹೇಳದಿದ್ರೆ ಈ ಚರ್ಚೆ ಅರ್ಧ. ಪ್ರಾಥಮಿಕ ಅಧಿಸೂಚನೆ ಬಿದ್ದ ದಿನದಿಂದ ಬ್ಯಾಂಕಿನವರು ಸಾಲ ಕೊಡಲ್ಲ, ಮಗಳ ಮದುವೆಗೆ ಅಂತ ಮಾರೋಕೆ ಹೋದರೆ ಕೊಳ್ಳೋರಿಲ್ಲ. ಆಗ ಏಜೆಂಟು ಬರ್ತಾನೆ. "ಸರ್ಕಾರ ಕೊಡೋ ಪರಿಹಾರ ಯಾವ ಕಾಲಕ್ಕೋ, ನಾನು ಈಗಲೇ ಕೊಡ್ತೀನಿ." ಒಂದು ಕರಾರು, ಒಂದು ಜಿಪಿಎ. ರೈತ ಸಹಿ ಹಾಕ್ತಾನೆ. ಸ್ವಲ್ಪ ದಿನಕ್ಕೆ ರೈತನ ಹೆಸರಿನಲ್ಲೇ ಕೈಬಿಡೋ ಅರ್ಜಿ ಹೋಗುತ್ತೆ. ಕಡತದಲ್ಲಿ "ಬಡ ರೈತ, ಜೀವನಾಧಾರ" ಅಂತ ಬರೆದಿರುತ್ತೆ. ಲಾಭ ಮಾತ್ರ ಜಿಪಿಎ ಹಿಡಿದವನಿಗೆ, ಅವನ ಹಿಂದೆ ಇರೋರಿಗೆ. ರೈತನಿಗೆ ಕೈಬಿಟ್ಟದ್ದೇ ಗೊತ್ತಿರಲ್ಲ.

ಜಿಪಿಎ ಹುಡುಕೋದು ಹೇಗೆ ಅಂತ ಕೇಳ್ತಾರೆ. ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿದರೆ ಸಾಮಾನ್ಯವಾಗಿ ಕಾಣಲ್ಲ, ಯಾಕಂದ್ರೆ ಇಸಿ ಬರೋದು ನೋಂದಣಿ ಕಚೇರಿಯ ಒಂದನೇ ಪುಸ್ತಕದಿಂದ, ಜಿಪಿಎ ನೋಂದಣಿ ಆಗೋದು ನಾಲ್ಕನೇ ಪುಸ್ತಕದಲ್ಲಿ. ನೋಂದಣಿ ಆಗದ ಕರಾರು ಎಲ್ಲೂ ಕಾಣಲ್ಲ. ಆದರೆ ಕೈಬಿಟ್ಟ ಮೇಲೆ ಆಗೋ ಕ್ರಯಪತ್ರ ಇಸಿಯಲ್ಲಿ ಬರುತ್ತೆ. ಅದರ ದೃಢೀಕೃತ ಪ್ರತಿ ಉಪನೋಂದಣಾಧಿಕಾರಿ ಕಚೇರಿಯಿಂದ ತೆಗೆಸಿ. ಮೊದಲನೇ ಪುಟದಲ್ಲೇ "ಇವರ ಪರವಾಗಿ ಜಿಪಿಎ ಹೋಲ್ಡರ್" ಅಂತ ಹೆಸರು, ಜಿಪಿಎ ನಂಬರು, ದಿನಾಂಕ, ಪುಸ್ತಕ 4 ಅಂತ ಬರೆದಿರುತ್ತೆ. ಆ ದಿನಾಂಕವೇ ನಾವು ಹುಡುಕೋ ನಾಲ್ಕನೇ ದಿನಾಂಕ.

ಟಿಪ್ಪಣಿ ಹಾಳೆ

ಕೊಂಡದ್ದು ಕಂಪನಿಯಾದರೆ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ 100 ರೂಪಾಯಿ ಕಟ್ಟಿ ನಿರ್ದೇಶಕರ, ಷೇರುದಾರರ ವಿವರ ನೋಡಬಹುದು. ಈಗಿನ ನಿರ್ದೇಶಕರಷ್ಟೇ ಸಾಲದು, ಕ್ರಯದ ದಿನ ಯಾರಿದ್ದರು ಅಂತ ಆ ವರ್ಷದ ವಾರ್ಷಿಕ ವಿವರಣೆ ತೆರೆಯಿರಿ.

ರಾಜಕಾರಣಿಯ ಕಡೆಯಿಂದಲೂ ಹುಡುಕಬಹುದು. ಚುನಾವಣೆಯ ನಮೂನೆ 26ರ ಪ್ರಮಾಣಪತ್ರದಲ್ಲಿ ತಮ್ಮ, ಸಂಗಾತಿಯ, ಅವಲಂಬಿತರ ಸ್ಥಿರಾಸ್ತಿ, ಕೊಂಡ ದಿನಾಂಕ, ಕೊಂಡಾಗಿನ ಬೆಲೆ ಬರೀಬೇಕು. ಶಾಸಕರು, ಸಚಿವರು ಪ್ರತಿ ವರ್ಷ ಜೂನ್ 30ರೊಳಗೆ ಲೋಕಾಯುಕ್ತಕ್ಕೂ ಆಸ್ತಿ ವಿವರ ಕೊಡಬೇಕು. ಸ್ವಂತ ಕಾಲಮೇಲೆ ನಿಂತ ಮಗ, ಮಗಳು, ಅಳಿಯ ಪ್ರಮಾಣಪತ್ರದಲ್ಲಿ ಬರಲ್ಲ. ಕಿಂಡಿ ಇರೋದು ಅಲ್ಲೇ.

ಆರ್‌ಟಿಐ ಗೆಳತಿ

ಅರ್ಜಿ ಬರೆಯೋರಿಗೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಶುಲ್ಕ 10 ರೂಪಾಯಿ, ಎ4 ಪುಟಕ್ಕೆ 2 ರೂಪಾಯಿ. "ಡಿನೋಟಿಫಿಕೇಶನ್ ಎಲ್ಲಾ ಮಾಹಿತಿ ಕೊಡಿ" ಅಂತ ಬರೆದರೆ ಅರ್ಜಿ ಬಿದ್ದಂತೆಯೇ. ಹೀಗೆ ಬರೀರಿ:

"… ಗ್ರಾಮ, … ಹೋಬಳಿ, ಸರ್ವೆ ನಂಬರು …ರ ಜಮೀನನ್ನು ದಿನಾಂಕ …ರ ಅಧಿಸೂಚನೆ ಸಂಖ್ಯೆ …ರ ಮೂಲಕ ಭೂಸ್ವಾಧೀನದಿಂದ ಕೈಬಿಟ್ಟ ಕಡತದ ಟಿಪ್ಪಣಿ ಭಾಗ ಮತ್ತು ಪತ್ರವ್ಯವಹಾರ ಭಾಗದ ದೃಢೀಕೃತ ಪ್ರತಿ."

ಇದು ನಗರಾಭಿವೃದ್ಧಿ ಇಲಾಖೆಗೆ. ಎರಡನೇ ಅರ್ಜಿ ಬಿಡಿಎ ಭೂಸ್ವಾಧೀನ ವಿಭಾಗಕ್ಕೆ: ಐತೀರ್ಪು, ಸ್ವಾಧೀನ ಮಹಜರು, ಹಸ್ತಾಂತರ ಪತ್ರ, 16(2)ರ ಪ್ರಕಟಣೆ. ಎರಡನ್ನೂ ಒಂದೇ ದಿನ ಹಾಕಿ. ಒಂದು ಕಡೆಯಿಂದ ಸಿಕ್ಕಿದ್ದು ಇನ್ನೊಂದು ಕಡೆಯದನ್ನ ಪರೀಕ್ಷಿಸೋಕೆ ಆಗುತ್ತೆ.

30 ದಿನದಲ್ಲಿ ಉತ್ತರ ಬರದಿದ್ದರೆ ಆರ್‌ಟಿಐ ಕಾಯ್ದೆಯ 19(1)ರಲ್ಲಿ ಮೊದಲ ಮೇಲ್ಮನವಿ, ಅದಕ್ಕೆ 30 ದಿನ. ಆಯೋಗಕ್ಕೆ ಎರಡನೇ ಮೇಲ್ಮನವಿಗೆ 90 ದಿನ. "ಸಂಪುಟದ ದಾಖಲೆ" ಅಂತ 8(1)(ಐ) ತೋರಿಸಿದರೆ, ತೀರ್ಮಾನ ಆಗಿ ವಿಷಯ ಮುಗಿದ ಮೇಲೆ ಆ ತಡೆ ಇಲ್ಲ ಅಂತ ಅದೇ ಸೆಕ್ಷನ್ ಹೇಳುತ್ತೆ ಅಂತ ಬರೀರಿ. "ವೈಯಕ್ತಿಕ ಮಾಹಿತಿ" ಅಂದರೆ 8(2)ರ ಸಾರ್ವಜನಿಕ ಹಿತಾಸಕ್ತಿ ತೋರಿಸಿ. ದತ್ತಾಂಶ ರಕ್ಷಣಾ ಕಾಯ್ದೆಯಿಂದ 8(1)(ಜೆ) ಬಿಗಿಯಾದ ಮೇಲೆ ಈ ನಿರಾಕರಣೆ ಸಲೀಸಾಗಿದೆ. ಆದ್ದರಿಂದ ವ್ಯಕ್ತಿಯ ಹೆಸರು ಹಿಡಿದು ಕೇಳಬೇಡಿ, ಸರ್ವೆ ನಂಬರು ಹಿಡಿದು ಕೇಳಿ.

ಯಲಹಂಕದ ಕಡೆಯವಳು

ಇಷ್ಟೆಲ್ಲಾ ದಾಖಲೆ ಸಿಕ್ಕಿದ ಮೇಲೂ ಕೇಸುಗಳು ಯಾಕೆ ನಿಲ್ಲಲ್ಲ?

ವಕೀಲ ಮಿತ್ರ

ಎರಡು ದೊಡ್ಡ ಕಾರಣ: ಪೂರ್ವಾನುಮತಿ, ಮತ್ತು ಅಪರಾಧದ ವ್ಯಾಖ್ಯೆಯೇ ಬದಲಾದದ್ದು.

ಪೂರ್ವಾನುಮತಿ ಮೊದಲು. ಮುಖ್ಯಮಂತ್ರಿಯ ಮೇಲಾದರೆ ರಾಜ್ಯಪಾಲರು ಕೊಡಬೇಕು. ಇಂಥ ಸಂದರ್ಭದಲ್ಲಿ ರಾಜ್ಯಪಾಲರು ಸಂಪುಟದ ಸಲಹೆ ಮೀರಿ ಸ್ವಂತ ವಿವೇಚನೆಯಿಂದ ನಡೆಯಬಹುದು ಅಂತ 2004ರಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2011ರ ಜನವರಿ 21ರಂದು ರಾಜ್ಯಪಾಲ ಎಚ್.ಆರ್. ಭಾರದ್ವಾಜ್ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರ ಮೇಲೆ ಮೊಕದ್ದಮೆಗೆ ಅನುಮತಿ ಕೊಟ್ಟರು, ಅದೇ ವರ್ಷ ಅಕ್ಟೋಬರ್ 15ರಂದು ಅವರು ಜೈಲಿಗೆ ಹೋದರು. ರಾಚೇನಹಳ್ಳಿ ಜಮೀನು ಮಾರಾಟದ ವಿಚಾರವೂ ಸೇರಿದ್ದ ಸಿಬಿಐ ಪ್ರಕರಣದಲ್ಲಿ 2016ರ ಅಕ್ಟೋಬರ್ 26ರಂದು ವಿಶೇಷ ನ್ಯಾಯಾಲಯ ಅವರನ್ನೂ ಉಳಿದ ಆರೋಪಿಗಳನ್ನೂ ಖುಲಾಸೆ ಮಾಡಿತು. ಮೈಸೂರಿನ ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ವಿಚಾರದಲ್ಲಿ, ಕೆಸರೆಯ 3 ಎಕರೆ 16 ಗುಂಟೆಗೆ ಬದಲಾಗಿ 14 ನಿವೇಶನ ಕೊಟ್ಟದ್ದರ ಬಗ್ಗೆ, 2024ರ ಆಗಸ್ಟ್‌ನಲ್ಲಿ ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರ ಮೇಲೆ ರಾಜ್ಯಪಾಲರ ಅನುಮತಿ, ಸೆಪ್ಟೆಂಬರ್ 24ರಂದು ಹೈಕೋರ್ಟ್ ಅದನ್ನ ಎತ್ತಿಹಿಡಿದ ತೀರ್ಪು, 2025ರ ಫೆಬ್ರವರಿಯಲ್ಲಿ ಲೋಕಾಯುಕ್ತ ಪೊಲೀಸರ ಬಿ ರಿಪೋರ್ಟ್ (ಸಾಕ್ಷ್ಯ ಸಿಗಲಿಲ್ಲ ಅಂತ ಪ್ರಕರಣ ಮುಗಿಸಲು ಕೋರುವ ವರದಿ). ಅನುಮತಿ ಸಿಕ್ಕಿತು ಅಂದರೆ ಅಪರಾಧ ಸಾಬೀತಾಯ್ತು ಅಂತಲ್ಲ. ಖುಲಾಸೆಯಾದವರನ್ನ ಅಪರಾಧಿ ಅಂತ ಯಾರೂ ಇಲ್ಲಿ ಬರೆಯಬೇಡಿ.

2018ರ ಜುಲೈ 26ರಿಂದ ಭ್ರಷ್ಟಾಚಾರ ತಡೆ ಕಾಯ್ದೆಗೆ 17ಎ ಬಂತು. ಕರ್ತವ್ಯದ ಭಾಗವಾಗಿ ಕೊಟ್ಟ ಆದೇಶ, ಶಿಫಾರಸಿನ ಬಗ್ಗೆ ತನಿಖೆ ಶುರು ಮಾಡೋಕೇ ಅನುಮತಿ ಬೇಕು. ನಿರ್ಧಾರಕ್ಕೆ ಮೂರು ತಿಂಗಳು, ಮತ್ತೊಂದು ತಿಂಗಳು ವಿಸ್ತರಿಸಬಹುದು. ಕೋರ್ಟಿನ ವಿಚಾರಣೆಗೆ ಅದೇ ಕಾಯ್ದೆಯ 19ರ ಅನುಮತಿ ಬೇರೆ.

ಇನ್ನೂ ಗಂಭೀರವಾದದ್ದು ಇದು. ಅದೇ ಕಾಯ್ದೆಯ ಹಳೇ 13(1)(ಡಿ)ಯ ಪ್ರಕಾರ, ಹುದ್ದೆಯಲ್ಲಿದ್ದು ಸಾರ್ವಜನಿಕ ಹಿತ ಇಲ್ಲದೆ ಯಾರಿಗೇ ಆರ್ಥಿಕ ಲಾಭ ಮಾಡಿಕೊಟ್ಟರೂ ಅಪರಾಧ. ಡಿನೋಟಿಫಿಕೇಶನ್‌ಗೆ ಹೇಳಿ ಮಾಡಿಸಿದ ಸೆಕ್ಷನ್ ಅದು. 2018ರ ತಿದ್ದುಪಡಿ ಅದನ್ನ ತೆಗೆದುಹಾಕಿತು. ಆಮೇಲಿನ ಆದೇಶಗಳಿಗೆ ಅನುಚಿತ ಲಾಭ ಪಡೆದದ್ದನ್ನೇ ಸಾಬೀತು ಮಾಡಬೇಕು. ಆದೇಶ ಒಂದು ಕಡೆ, ದುಡ್ಡು ಇನ್ನೊಂದು ಕಡೆ, ನಡುವಿನ ದಾರ ಕಾಣಿಸಬೇಕು. ಅದಕ್ಕೇ ನಾಲ್ಕನೇ ದಿನಾಂಕಕ್ಕೆ ಮೊದಲಿಗಿಂತ ಈಗ ಹೆಚ್ಚು ಬೆಲೆ.

ಕ್ರಿಮಿನಲ್ ದಾರಿ ಮಾತ್ರ ನಂಬಿಕೊಂಡು ಕೂರಬೇಡಿ. ಆದೇಶವನ್ನೇ ರದ್ದು ಮಾಡಿ ಅಂತ ಸಂವಿಧಾನದ 226ನೇ ವಿಧಿಯಲ್ಲಿ ಹೈಕೋರ್ಟಿಗೆ ಹೋಗಬಹುದು, ಅದಕ್ಕೆ ಯಾರ ಪೂರ್ವಾನುಮತಿಯೂ ಬೇಡ, ಲಂಚ ತೋರಿಸಬೇಕಿಲ್ಲ, ಸ್ವಾಧೀನ ಆದ ಮೇಲೆ 48 ಹೊರಡಿಸಿದ್ದಾರೆ ಅಂತ ತೋರಿಸಿದರೆ ಸಾಕು. ತಡ ಮಾಡಬೇಡಿ. ಜಮೀನಿನಲ್ಲಿ ಅಪಾರ್ಟ್‌ಮೆಂಟ್ ಎದ್ದು ನಾನ್ನೂರು ಮನೆಯವರು ಬಂದು ಕೂತ ಮೇಲೆ ಕೋರ್ಟು ಕೂಡ ಹಿಂದೆಮುಂದೆ ನೋಡುತ್ತೆ.

ಗುಂಟೆ ಲೆಕ್ಕ

ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಜಮೀನಿಗೂ ಇದೇ ನಿಯಮನಾ?

ಪಹಣಿ ಓದುಗ

ಇಲ್ಲ. 1966ರ ಕೆಐಎಡಿಬಿ ಕಾಯ್ದೆಯಲ್ಲಿ 28(1) ಪ್ರಾಥಮಿಕ, 28(4) ಅಂತಿಮ. ಅಲ್ಲಿ 28(5)ರ ಪ್ರಕಾರ ಅಂತಿಮ ಘೋಷಣೆ ಪ್ರಕಟವಾದ ಕೂಡಲೇ ಜಮೀನು ಸರ್ಕಾರದಲ್ಲಿ ನಿಹಿತ, ಮಹಜರಿಗೆ ಕಾಯೋ ಹಾಗಿಲ್ಲ. ಅದಕ್ಕೇ ಅಲ್ಲಿ ಮೊದಲು ನೋಡಬೇಕಾದ್ದು 28(4)ರ ದಿನಾಂಕ.

ಕೆರೆ ಅಂಗಳ

ಒಪ್ಕೊಂಡೆ ಪಹಣಿ ಸರ್, ಅಧಿಕಾರ ಇರಲಿ. ಆದರೆ ಕಾರಣ ಬರೆಯದೆ ಕೈಬಿಡೋ ಹಾಗಿಲ್ಲ, ಪ್ರತಿ ಅರ್ಜಿಯನ್ನೂ, ತಿರಸ್ಕರಿಸಿದ್ದನ್ನೂ ಸೇರಿಸಿ, ಜಾಲತಾಣದಲ್ಲಿ ಹಾಕಬೇಕು ಅಂತಾದರೂ ಆಗಬೇಕು. ಅರ್ಕಾವತಿಯ ರೀಡೂ (ಬಡಾವಣೆಯ ನಕ್ಷೆ ಮರುಮಾರ್ಪಾಡಿನ ಹೆಸರಲ್ಲಿ ಜಮೀನು ಕೈಬಿಟ್ಟ ಆರೋಪ) ಬಗ್ಗೆ 2014ರಲ್ಲಿ ನೇಮಿಸಿದ ನ್ಯಾಯಮೂರ್ತಿ ಕೆಂಪಣ್ಣ ಆಯೋಗ 2017ರಲ್ಲಿ ವರದಿ ಕೊಟ್ಟಿತು. ಇಡೀ ಊರನ್ನ ಕಾಡಿದ ವಿಷಯಕ್ಕೆ ಮೂರು ವರ್ಷದ ಆಯೋಗ ಬೇಕಾಯ್ತು. ಅರ್ಜಿಗಳೆಲ್ಲ ಮೊದಲೇ ಜನರ ಕಣ್ಣೆದುರು ಇದ್ದಿದ್ದರೆ ಅಷ್ಟು ಕಾಯಬೇಕಿರಲಿಲ್ಲ.

ಆರ್‌ಟಿಐ ಗೆಳತಿ

ಅದಕ್ಕೆ ಹೊಸ ಕಾನೂನು ಬೇಕಿಲ್ಲ. ಆರ್‌ಟಿಐ ಕಾಯ್ದೆಯ 4(1)(ಡಿ) ಪ್ರಕಾರ ಆಡಳಿತಾತ್ಮಕ ತೀರ್ಮಾನಗಳ ಕಾರಣವನ್ನ ಬಾಧಿತರಿಗೆ ತಿಳಿಸಲೇಬೇಕು. ಅರ್ಜಿ ತಿರಸ್ಕೃತ ಆದ ರೈತರು ಇದನ್ನ ಬಳಸಲಿ. ಪಕ್ಕದ ಸರ್ವೆ ನಂಬರಿನವರಿಗೆ ಯಾಕೆ ಸಿಕ್ಕಿತು ಅನ್ನೋದು ಇಲಾಖೆಯ ಉತ್ತರದಲ್ಲೇ ಹೊರಬರುತ್ತೆ.

ಯಲಹಂಕದ ಕಡೆಯವಳು

ಕೊನೇದೊಂದು. "ಕಡತ ಲಭ್ಯವಿಲ್ಲ" ಅಂತ ಬಂದರೆ?

ಟಿಪ್ಪಣಿ ಹಾಳೆ

ಮೊದಲು ಕಡತ ಚಲನವಲನ ವಹಿಯ ಪ್ರತಿ ಕೇಳಿ. ಕೊನೇ ಸಲ ಯಾವ ಮೇಜಿಗೆ, ಯಾವ ದಿನ ಹೋಯ್ತು ಅಂತ ಅದರಲ್ಲಿ ಇರುತ್ತೆ. ಸಿಗದ ಕಡತಕ್ಕೆ ಪೊಲೀಸ್ ದೂರು ಆಗಿದೆಯಾ, ಆಗಿದ್ದರೆ ಅದರ ಪ್ರತಿ ಕೊಡಿ ಅಂತ ಅದೇ ಅರ್ಜಿಯಲ್ಲಿ ಸೇರಿಸಿ. 2010ರ ಕರ್ನಾಟಕ ರಾಜ್ಯ ಸಾರ್ವಜನಿಕ ದಾಖಲೆಗಳ ಕಾಯ್ದೆ ಇದೆ, ಅದನ್ನ ಹೆಸರಿಸಿ.

ಅಷ್ಟರಲ್ಲಿ ಬೇರೆ ಕಡೆಯಿಂದ ಕಡತವನ್ನ ಮತ್ತೆ ಕಟ್ಟಿ. ಅಧಿಸೂಚನೆಯ ಪ್ರತಿ ಸರ್ಕಾರಿ ಮುದ್ರಣಾಲಯದಲ್ಲಿ, ಇ-ರಾಜ್ಯಪತ್ರದಲ್ಲಿ. ಮಹಜರು ಭೂಸ್ವಾಧೀನಾಧಿಕಾರಿ ಕಚೇರಿಯಲ್ಲಿ, ಹಸ್ತಾಂತರ ಪತ್ರ ಎಂಜಿನಿಯರಿಂಗ್ ವಿಭಾಗದಲ್ಲಿ. ಠೇವಣಿಯ ಲೆಕ್ಕ ಸಿವಿಲ್ ಕೋರ್ಟಿನಲ್ಲಿ. ಮ್ಯುಟೇಶನ್ ತಹಶೀಲ್ದಾರರಲ್ಲಿ. ಕ್ರಯಪತ್ರ ಉಪನೋಂದಣಾಧಿಕಾರಿಯಲ್ಲಿ. ಆ ಸರ್ವೆ ನಂಬರಿನ ಮೇಲೆ ಯಾವಾಗಲಾದರೂ ರಿಟ್ ಅರ್ಜಿ ಆಗಿದ್ದರೆ, ಸರ್ಕಾರವೇ ಹಾಕಿದ ಆಕ್ಷೇಪಣೆಯ ಜೊತೆ ಟಿಪ್ಪಣಿಯ ಪುಟಗಳೂ ಹೈಕೋರ್ಟಿನ ದಾಖಲೆಯಲ್ಲಿ ಇರೋ ಸಾಧ್ಯತೆ ಹೆಚ್ಚು. ದೃಢೀಕೃತ ಪ್ರತಿಗೆ ಅಲ್ಲಿ ಅರ್ಜಿ ಹಾಕಿ.

ಚಕ್ಕುಬಂದಿ

ಗ್ರಾಮದ ಹಳೇ ಮಹಜರಿಗೆ ಸಹಿ ಹಾಕಿದ ಪಂಚರು ಎಷ್ಟೋ ಕಡೆ ಇನ್ನೂ ಬದುಕಿದ್ದಾರೆ. ಅವರಿಗೆ ವಯಸ್ಸಾಗ್ತಿದೆ. ಅವರ ಹೇಳಿಕೆಯನ್ನ ನೋಟರಿ ಎದುರು ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳೋ ಕೆಲಸ ಮೊದಲು ಮಾಡಿ, ಕಡತ ಆಮೇಲಾದರೂ ಸಿಗುತ್ತೆ.